ಕಾರ್ಬ್ಯುರೇಟರ್ ರಬ್ಬರ್ ಬೂಟು

ಕಾರ್ಬ್ಯುರೇಟರ್ ರಬ್ಬರ್ ಬೂಟು ಎಂದರೆ ಮೋಟಾರ್‌ಸೈಕಲ್ಲಿನ ಕಾರ್ಬ್ಯುರೇಟರನ್ನು ಒಂದು ಬದಿಯಲ್ಲಿ ಎಂಜಿನ್ನಿಗೂ ಮತ್ತೊಂದು ಬದಿಯಲ್ಲಿ ಏರ್ ಫಿಲ್ಟರಿನ ಪೆಟ್ಟಿಗೆಗೂ ಸೇರಿಸುವ ಗಿಡ್ಡನೆಯ ರಬ್ಬರ್ ಕೊಳವೆ. ನಾಲ್ಕೈದು ಬೆರಳಿನಷ್ಟು ಉದ್ದವೂ ಇಲ್ಲದ ಈ ಭಾಗವು ಗಟ್ಟಿಯಾದರೆ ಇಲ್ಲವೆ ಬಿರುಕು ಬಿಟ್ಟರೆ ಕಾರ್ಬ್ಯುರೇಟರು ಅಳೆಯದ ಗಾಳಿ ಎಂಜಿನ್ನನ್ನು ಸೇರುತ್ತದೆ. ಅದರಿಂದ ಪಿಸ್ಟನ್ನೇ ಹಾಳಾಗುವ ಸಂಭವವಿದೆ. 1970 ಮತ್ತು 1980ರ ದಶಕಗಳ ಮೋಟಾರ್‌ಸೈಕಲ್ಲುಗಳನ್ನು ಮತ್ತೆ ರಸ್ತೆಗಿಳಿಸುವವರು ಎದುರಿಸುವ ಮೊದಲ ತೊಡಕುಗಳಲ್ಲಿ ಈ ಬೂಟುಗಳನ್ನು ಬಿಚ್ಚಿ ಮರಳಿ ಕೂರಿಸುವುದೂ ಒಂದು. ಈ ಲೇಖನದಲ್ಲಿ ಮುಖ್ಯವಾಗಿ ನಾಲ್ಕು ಸಿಲಿಂಡರಿನ ಹೋಂಡಾ ಸಿಬಿ750 ಮತ್ತು ಎರಡು ಸಿಲಿಂಡರಿನ ರಾಜದೂತ್ 350 ವಾಹನಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಹೆಸರು

ಕಾಲಿಗೆ ಬೂಟು ತೊಡಿಸಿದಂತೆ ಲೋಹದ ಕೊಳವೆಯ ತುದಿಗೆ ರಬ್ಬರನ್ನು ತೊಡಿಸುವುದರಿಂದ ಬೂಟು ಎಂಬ ಹೆಸರು ಬಳಕೆಯಲ್ಲಿದೆ. ನಮ್ಮ ಗ್ಯಾರೇಜುಗಳಲ್ಲಿ ಎಂಜಿನ್ ಕಡೆಯದನ್ನು ‘ಮ್ಯಾನಿಫೋಲ್ಡ್ ರಬ್ಬರ್’ ಎನ್ನುವುದೂ ಉಂಟು. ತಯಾರಕರು ತಮ್ಮ ಬಿಡಿಭಾಗಗಳ ಪಟ್ಟಿಯಲ್ಲಿ ಇದಕ್ಕೆ ಕೊಟ್ಟಿರುವ ಹೆಸರುಗಳು ಬೇರೆ ಬೇರೆ. ಹೋಂಡಾ ಇದನ್ನು ‘ಇನ್ಸುಲೇಟರ್’ ಎಂದರೆ ಯಮಹಾ ‘ಜಾಯಿಂಟ್’ ಎನ್ನುತ್ತದೆ. ಕವಾಸಾಕಿಯ ಪಟ್ಟಿಯಲ್ಲಿ ಇದು ‘ಹೋಲ್ಡರ್’, ಸುಜುಕಿಯದರಲ್ಲಿ ‘ಇನ್‌ಟೇಕ್ ಪೈಪ್’. ಶಾಖ ತಡೆಯುವುದು, ಸಂಧಿಸುವುದು, ಹಿಡಿದಿರುವುದು, ಒಳಕ್ಕೆ ಸಾಗಿಸುವುದು ಎಂಬ ನಾಲ್ಕು ಕೆಲಸಗಳನ್ನೂ ಈ ತುಂಡು ಒಟ್ಟಿಗೇ ಮಾಡುತ್ತದೆ. ಒಬ್ಬೊಬ್ಬ ತಯಾರಕನು ಒಂದೊಂದನ್ನು ಎತ್ತಿಹೇಳಿದ್ದಾನೆ ಅಷ್ಟೆ. ಹಳೆಯ ವಾಹನಕ್ಕೆ ಬಿಡಿಭಾಗ ಹುಡುಕುವವರಿಗೆ ಈ ಹೆಸರುಗಳು ತಿಳಿದಿರಬೇಕು. ‘ಬೂಟು’ ಎಂದು ಹುಡುಕಿದರೆ ಪಟ್ಟಿಯಲ್ಲಿ ಏನೂ ಸಿಗದೆ ಹೋಗಬಹುದು.

ರಚನೆ ಮತ್ತು ಕೆಲಸ

ಹಿಂದಿನ ಕಾಲದ ಬ್ರಿಟಿಷ್ ಮೋಟಾರ್‌ಸೈಕಲ್ಲುಗಳಲ್ಲಿ ಅಮಲ್ ಕಾರ್ಬ್ಯುರೇಟರನ್ನು ಸಾಮಾನ್ಯವಾಗಿ ಲೋಹದ ಚಾಚುಪಟ್ಟಿಯ ಮೂಲಕ ಎಂಜಿನ್ನಿಗೆ ನೇರವಾಗಿ ಬೋಲ್ಟ್ ಮಾಡುತ್ತಿದ್ದರು. ಅದರಲ್ಲಿ ಎರಡು ದೋಷಗಳಿದ್ದವು. ಎಂಜಿನ್ನಿನ ನಡುಕ ಫ್ಲೋಟ್ ಬೌಲಿಗೆ ತಲುಪಿ ಅಲ್ಲಿನ ಪೆಟ್ರೋಲು ನೊರೆಗಟ್ಟುತ್ತಿತ್ತು. ಬೋಲ್ಟನ್ನು ಅತಿಯಾಗಿ ಬಿಗಿದರೆ ಚಾಚುಪಟ್ಟಿಯೇ ಬಾಗಿ ಗಾಳಿ ನುಸುಳುತ್ತಿತ್ತು. ಜಪಾನಿನ ತಯಾರಕರು ಹಲವು ಸಿಲಿಂಡರುಗಳ ವಾಹನಗಳಲ್ಲಿ ರಬ್ಬರನ್ನು ವ್ಯಾಪಕವಾಗಿ ಬಳಸಿದ್ದರಿಂದ ಈ ತೊಂದರೆಗಳು ತಗ್ಗಿದವು. ನಡುಕವನ್ನು ರಬ್ಬರು ಹೀರಿಕೊಳ್ಳುತ್ತದೆ, ಸಿಲಿಂಡರ್ ಹೆಡ್ಡಿನ ಶಾಖ ಕಾರ್ಬ್ಯುರೇಟರಿಗೆ ಏರದಂತೆ ತಡೆಯುತ್ತದೆ, ಸಾಲಾಗಿ ಜೋಡಿಸಿದ ಕಾರ್ಬ್ಯುರೇಟರುಗಳ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹೊಂದಿಸಿಕೊಳ್ಳುತ್ತದೆ.

1969ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಸಿಬಿ750ರಲ್ಲಿ 736 ಸಿಸಿಯ ಎಂಜಿನ್ನಿಗೆ ನಾಲ್ಕು ಕೆಯ್ಹಿನ್ ಕಾರ್ಬ್ಯುರೇಟರುಗಳಿವೆ. ಸಿಲಿಂಡರ್ ಹೆಡ್ಡಿನಿಂದ ಹೊರಚಾಚಿದ ನಾಲ್ಕು ಲೋಹದ ಮೂತಿಗಳಿಗೂ ಕಾರ್ಬ್ಯುರೇಟರುಗಳಿಗೂ ನಡುವೆ ನಾಲ್ಕು ಬೂಟುಗಳು. ಪ್ರತಿಯೊಂದರ ಎರಡು ತುದಿಗೂ ಕ್ಲ್ಯಾಂಪುಗಳು. ಕಾರ್ಬ್ಯುರೇಟರುಗಳ ಹಿಂಬದಿಯಲ್ಲಿ ಏರ್ ಬಾಕ್ಸಿನ ಕಡೆಗೆ ಮತ್ತೆ ನಾಲ್ಕು ಬೂಟುಗಳು. ಹೀಗೆ ಒಂದೇ ವಾಹನದಲ್ಲಿ ಎಂಟು ರಬ್ಬರುಗಳನ್ನು ಏಕಕಾಲಕ್ಕೆ ಸಾಲಿನಲ್ಲಿ ಕೂರಿಸಬೇಕಾಗುತ್ತದೆ. ಒಂದು ಸಿಲಿಂಡರಿನ ವಾಹನದಲ್ಲಿ ಐದು ನಿಮಿಷದ ಕೆಲಸ ಇಲ್ಲಿ ಅರ್ಧ ದಿನವನ್ನು ನುಂಗುವುದು ಇದೇ ಕಾರಣಕ್ಕೆ.

ಸುಜುಕಿಯ ಜಿಎಸ್ ಸರಣಿಯ ವಾಹನಗಳಲ್ಲಿ ವ್ಯವಸ್ಥೆ ಬೇರೆ. ಬೂಟನ್ನು ಹೆಡ್ಡಿಗೆ ಸ್ಕ್ರೂಗಳಿಂದ ಬಿಗಿದು, ನಡುವೆ ಒಂದು ಓ-ರಿಂಗ್ ಇಟ್ಟಿರುತ್ತಾರೆ. ಈ ಓ-ರಿಂಗ್ ಕಾಲಕ್ರಮದಲ್ಲಿ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಬೂಟು ಹೊರಗಿನಿಂದ ಚೆನ್ನಾಗಿ ಕಂಡರೂ ಗಾಳಿ ಅದರ ಬುಡದಿಂದ ನುಸುಳುತ್ತಿರುತ್ತದೆ. ಆದುದರಿಂದ ಇಂಥ ವಾಹನಗಳಲ್ಲಿ ಬೂಟನ್ನು ಬಿಚ್ಚಿದಾಗಲೆಲ್ಲ ಓ-ರಿಂಗ್ ಬದಲಿಸುವುದು ಕ್ರಮ.

ಗಾಳಿ ಸೋರಿಕೆಯ ಪರಿಣಾಮ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವುದೇ ಕಾರ್ಬ್ಯುರೇಟರಿನ ಕೆಲಸ. ತನ್ನ ಇಕ್ಕಟ್ಟಾದ ಗಂಟಲಿನ ಮೂಲಕ ಹರಿಯುವ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಅದು ಜೆಟ್ಟುಗಳಿಂದ ಬಿಡುತ್ತದೆ. ಬೂಟಿನ ಬಿರುಕಿನಲ್ಲಿ ನುಗ್ಗುವ ಗಾಳಿ ಕಾರ್ಬ್ಯುರೇಟರನ್ನು ದಾಟಿದ ಮೇಲೆ ಸೇರುವುದರಿಂದ ಅದಕ್ಕೆ ತಕ್ಕ ಪೆಟ್ರೋಲು ಸಿಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ.

ಥ್ರಾಟಲ್ ಮುಚ್ಚಿದಾಗ ಬೂಟಿನೊಳಗಿನ ನಿರ್ವಾತ ಹೆಚ್ಚು. ಎಂಜಿನ್ನು ಸೇದುವ ಒಟ್ಟು ಗಾಳಿ ಕಡಿಮೆ. ಆದಕಾರಣ ಸಣ್ಣ ಸೋರಿಕೆಯೂ ಆಗಲೇ ಎದ್ದು ಕಾಣುತ್ತದೆ. ಐಡ್ಲಿಂಗ್ ಒಂದು ಮಟ್ಟದಲ್ಲಿ ನಿಲ್ಲುವುದಿಲ್ಲ, ಕಾರ್ಬ್ಯುರೇಟರಿನೊಳಗೆ ಪಟ್ ಪಟ್ ಎಂದು ಸಿಡಿಯುತ್ತದೆ, ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣಕ್ಕೆ ಬದಲಾಗಿ ಬಿಳಿಚಿಕೊಂಡಿರುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದ ಲಕ್ಷಣವೆಂದರೆ ಥ್ರಾಟಲ್ ಬಿಟ್ಟರೂ ಎಂಜಿನ್ನಿನ ವೇಗ ಒಡನೆ ಇಳಿಯದಿರುವುದು. ನಾಲ್ಕು ರಸ್ತೆ ಕೂಡುವಲ್ಲಿ ಕೈ ಸಡಿಲಿಸಿದರೂ ವಾಹನ ಮುಂದಕ್ಕೆ ತಳ್ಳುತ್ತಲೇ ಇದ್ದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಹಲವರು ಇದನ್ನು ಕೇಬಲ್ಲಿನ ದೋಷವೆಂದು ಭಾವಿಸಿ ಕೇಬಲ್ ಬದಲಿಸುತ್ತಾರೆ. ಇನ್ನು ಕೆಲವರು ಐಡ್ಲಿಂಗ್ ಸ್ಕ್ರೂ ತಿರುಗಿಸಿ ರೋಗವನ್ನು ಮುಚ್ಚುತ್ತಾರೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು.

ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಿ ಅಪಾಯ ಇನ್ನೂ ದೊಡ್ಡದು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಓಡಿಸುವ ವಾಹನಗಳಲ್ಲಿ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನಿಗೆ ದೊರಕುವ ಎಣ್ಣೆಯೂ ಕಡಿಮೆಯಾಗುತ್ತದೆ. ಎಸ್ಕಾರ್ಟ್ಸ್ ಸಂಸ್ಥೆಯು 1983ರಿಂದ ಭಾರತದಲ್ಲಿ ತಯಾರಿಸಿದ ರಾಜದೂತ್ 350 ವಾಹನವು ಯಮಹಾ ಆರ್‌ಡಿ350ಬಿ ಮಾದರಿಯನ್ನು ಆಧರಿಸಿದ್ದು, ಅದರಲ್ಲಿ ಎಣ್ಣೆಗೆ ಪ್ರತ್ಯೇಕ ಪಂಪಿದೆ. ಆದುದರಿಂದ ಎಣ್ಣೆ ತಪ್ಪುವುದಿಲ್ಲ. ಆದರೆ ತೆಳು ಮಿಶ್ರಣದಿಂದ ಹುಟ್ಟುವ ಅತಿಶಾಖವನ್ನು ಎಣ್ಣೆಯೊಂದೇ ತಡೆಯಲಾರದು. ಪಿಸ್ಟನ್ನು ಹಿಗ್ಗಿ ಸಿಲಿಂಡರಿನ ಗೋಡೆಯನ್ನು ಉಜ್ಜಿ ಕಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಪಿಸ್ಟನ್ನಿನ ನೆತ್ತಿಯಲ್ಲಿ ರಂಧ್ರ ಬೀಳುತ್ತದೆ. ಎಂಜಿನ್ನು ಕಚ್ಚಿಕೊಂಡರೆ ಓಡುತ್ತಿರುವ ವಾಹನದ ಹಿಂಗಾಲಿಯೂ ಥಟ್ಟನೆ ನಿಲ್ಲುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಥ್ರಾಟಲ್ ಮುಚ್ಚಿ ಎಂಜಿನ್ನಿನ ಹಿಡಿತದಲ್ಲೇ ಉದ್ದಕ್ಕೂ ಇಳಿಯುವಾಗ ಸೋರಿಕೆಯಿರುವ ಟೂ-ಸ್ಟ್ರೋಕ್ ವಾಹನಕ್ಕೆ ಗಂಡಾಂತರ ಹೆಚ್ಚು: ವೇಗ ಬಹಳ, ಪೆಟ್ರೋಲು ಅತ್ಯಲ್ಪ. ಇಂಥ ವಾಹನದ ಸವಾರರು ಎರಡು ಬೆರಳನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸುವ ರೂಢಿ ವೃಥಾ ಬಂದುದಲ್ಲ.

ಏರ್ ಬಾಕ್ಸ್ ಕಡೆಯ ಬೂಟು ಸೋರಿದರೆ ಪರಿಣಾಮ ಇಷ್ಟು ತೀವ್ರವಲ್ಲ. ಆ ಗಾಳಿ ಕಾರ್ಬ್ಯುರೇಟರಿನ ಮೂಲಕವೇ ಹಾಯುತ್ತದೆ. ಆದರೆ ಅದು ಫಿಲ್ಟರಿನಲ್ಲಿ ಸೋಸಿದ ಗಾಳಿಯಲ್ಲ. ಮಣ್ಣಿನ ರಸ್ತೆಯ ಧೂಳು ಒಳಹೊಕ್ಕು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರನ್ನೂ ಸದ್ದಿಲ್ಲದೆ ಸವೆಸುತ್ತದೆ.

ರಬ್ಬರು ಹಳತಾಗುವ ಬಗೆ

ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಲ್ಕನೀಕರಣವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಈ ಕ್ರಿಯೆಯಲ್ಲಿ ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಅಡ್ಡಬೆಸುಗೆಗಳು ಬೀಳುತ್ತವೆ. ಎಂಜಿನ್ನಿನ ಶಾಖದಲ್ಲಿ ಹಲವು ವರ್ಷ ಇದ್ದ ಬೂಟಿನಲ್ಲಿ ಇಂಥ ಬೆಸುಗೆಗಳು ತಾವಾಗಿಯೇ ಹೆಚ್ಚುತ್ತ ಹೋಗುತ್ತವೆ. ಜೊತೆಗೆ, ರಬ್ಬರನ್ನು ಮೃದುವಾಗಿಡಲು ಬೆರೆಸಿದ್ದ ಎಣ್ಣೆಯಂಥ ದ್ರವ್ಯಗಳು ಆವಿಯಾಗಿ ಇಲ್ಲವೆ ಪೆಟ್ರೋಲಿನಲ್ಲಿ ಕರಗಿ ಹೊರಟುಹೋಗುತ್ತವೆ. ಉಳಿಯುವುದು ಬೇಕಲೈಟಿನಂತೆ ಗಡುಸಾದ ತುಂಡು. ಗಾಳಿಯಲ್ಲಿನ ಓಜೋನ್ ಕೂಡ ರಬ್ಬರಿನ ಶತ್ರು. ಕ್ಲ್ಯಾಂಪಿನ ಪಕ್ಕದಲ್ಲಿ, ಬಾಗಿದ ಕುತ್ತಿಗೆಯಲ್ಲಿ, ಹೀಗೆ ಎಳೆತಕ್ಕೆ ಒಳಗಾದ ಜಾಗಗಳಲ್ಲಿ ಅದು ಸಣ್ಣ ಸಣ್ಣ ಅಡ್ಡಬಿರುಕುಗಳನ್ನು ಮೂಡಿಸುತ್ತದೆ.

ಈಚೆಗೆ ಮತ್ತೊಂದು ಕಾರಣ ಸೇರಿಕೊಂಡಿದೆ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಅನಂತರ ಅದು ದೇಶದಾದ್ಯಂತ ಹರಡಿದೆ. ನಲವತ್ತು ವರ್ಷಗಳ ಹಿಂದೆ ಈ ಮಿಶ್ರಣವನ್ನು ಗಮನದಲ್ಲಿಟ್ಟುಕೊಂಡು ರಬ್ಬರನ್ನು ಆರಿಸಿರಲಿಲ್ಲ. ಕೆಲವು ಬಗೆಯ ಹಳೆಯ ರಬ್ಬರುಗಳು ಎಥೆನಾಲ್ ಸೋಕಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತವೆ.

ಬೂಟಿನ ಮೇಲ್ಮೈಯಲ್ಲಿ ಬಿರುಕು ಕಂಡೊಡನೆ ಅದನ್ನು ಎಸೆಯಬೇಕಿಲ್ಲ. ಒಳಗಿನಿಂದ ಸಣ್ಣ ಟಾರ್ಚಿನ ಬೆಳಕು ಬಿಟ್ಟು, ಕೈಯಿಂದ ಬಾಗಿಸುತ್ತ ಹೊರಗಿನಿಂದ ನೋಡಬೇಕು. ಬೆಳಕು ತೂರಿಬಂದರೆ ಆ ಬೂಟಿನ ಆಯುಸ್ಸು ಮುಗಿದಿದೆ. ಬಿರುಕಿಗೆ ಸಿಲಿಕೋನ್ ಅಂಟು ಬಳಿದು ಮುಚ್ಚುವ ಪದ್ಧತಿ ನಮ್ಮಲ್ಲಿ ಬಹಳವಾಗಿದೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ತಡೆಯುವುದಿಲ್ಲ. ಉಬ್ಬಿ, ಚೂರುಚೂರಾಗಿ ಕಳಚಿ ಎಂಜಿನ್ನಿನೊಳಗೇ ಸೇರುತ್ತದೆ. ಊರು ತಲುಪುವವರೆಗಿನ ತಾತ್ಕಾಲಿಕ ಉಪಾಯವೆಂದು ಮಾತ್ರ ಇದನ್ನು ಕ್ಷಮಿಸಬಹುದು.

ಬಿಚ್ಚುವ ಕ್ರಮ

ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಟ್ಯಾಂಕನ್ನು ಇಳಿಸಿ, ಫ್ಲೋಟ್ ಬೌಲುಗಳಲ್ಲಿ ಉಳಿದ ಪೆಟ್ರೋಲನ್ನು ಡಬ್ಬಿಗೆ ಹರಿಸಬೇಕು. ಮುಂದೆ ಶಾಖ ಕೊಡುವ ಕೆಲಸವಿರುವುದರಿಂದ ಈ ಹಂತವನ್ನು ಬಿಡುವಂತಿಲ್ಲ. ಏರ್ ಬಾಕ್ಸಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಆದಷ್ಟು ಹಿಂದಕ್ಕೆ ಸರಿಸಿ, ಹಿಂಬದಿಯ ಬೂಟುಗಳನ್ನು ಕಾರ್ಬ್ಯುರೇಟರಿನ ಬಾಯಿಂದ ಕಳಚಬೇಕು. ಅನಂತರ ಎಂಜಿನ್ ಕಡೆಯ ಕ್ಲ್ಯಾಂಪುಗಳನ್ನು ಸಡಿಲಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಕಾಲದ ಜಪಾನೀ ವಾಹನಗಳಲ್ಲಿರುವುದು ಜೆಐಎಸ್ ಮಾನಕದ ಸ್ಕ್ರೂ. ನೋಡಲು ಫಿಲಿಪ್ಸ್ ಸ್ಕ್ರೂವಿನಂತೆಯೇ ಇದ್ದರೂ ಗಾಡಿಯ ಆಳ-ಓರೆಗಳು ಬೇರೆ. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ತಲೆ ಸವೆದು, ಕೊನೆಗೆ ಕೊರೆದು ತೆಗೆಯಬೇಕಾಗುತ್ತದೆ. ‘ಎಷ್ಟು ಒತ್ತಿದರೂ ಜಾರುತ್ತದೆ’ ಎಂಬ ದೂರಿನ ಮೂಲ ಹೆಚ್ಚಿನ ಸಲ ಇದೇ.

ನಾಲ್ಕು ಕಾರ್ಬ್ಯುರೇಟರುಗಳ ಸಾಲನ್ನು ಎರಡೂ ಕೈಯಿಂದ ಹಿಡಿದು, ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಅಲುಗಿಸುತ್ತ ಹಿಂದಕ್ಕೆ ಎಳೆದರೆ ಅದು ಬೂಟುಗಳಿಂದ ಹೊರಬರುತ್ತದೆ. ಸ್ಕ್ರೂಡ್ರೈವರನ್ನು ನಡುವೆ ತೂರಿಸಿ ಮೀಟುವುದು ತಪ್ಪು. ಕಾರ್ಬ್ಯುರೇಟರಿನ ದೇಹ ಮೆದು ಮಿಶ್ರಲೋಹದ ಎರಕ; ತುಟಿಯಲ್ಲಿ ಒಂದು ಚಿಟಿಕೆ ಗಾಯವಾದರೂ ಹೊಸ ಬೂಟು ಸಹ ಅಲ್ಲಿ ಸೋರುತ್ತದೆ. ಸಿಬಿ750ರ ಮೊದಮೊದಲ ವಾಹನಗಳನ್ನು ಬಿಟ್ಟು ಮಿಕ್ಕವುಗಳಲ್ಲಿ ಥ್ರಾಟಲ್ಲಿಗೆ ತೆರೆಯುವುದೊಂದು, ಮುಚ್ಚುವುದೊಂದು ಎಂದು ಎರಡು ಕೇಬಲ್ಲುಗಳಿವೆ. ಯಾವುದು ಎಲ್ಲಿತ್ತೆಂಬುದನ್ನು ಕಳಚುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಬೂಟುಗಳನ್ನೂ ಒಂದು, ಎರಡು, ಮೂರು, ನಾಲ್ಕು ಎಂದು ಗುರುತು ಮಾಡಬೇಕು. ಎಷ್ಟೋ ವಾಹನಗಳಲ್ಲಿ ಹೊರಗಿನ ಎರಡು ಮತ್ತು ಒಳಗಿನ ಎರಡು ಬೂಟುಗಳ ಬಾಗು ಬೇರೆಯಾಗಿರುತ್ತದೆ, ಅದಲುಬದಲಾದರೆ ಕೂರುವುದಿಲ್ಲ.

ಮೃದುಗೊಳಿಸುವಿಕೆ

ಗಟ್ಟಿಯಾಗಿದ್ದರೂ ಬಿರಿಯದ ಬೂಟುಗಳನ್ನು ಮತ್ತೆ ಬಳಸಲು ಹಲವು ಉಪಾಯಗಳಿವೆ. ಎಲ್ಲಕ್ಕೂ ಸರಳವಾದುದು ಬಿಸಿನೀರು. ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಬೂಟನ್ನು ಮುಳುಗಿಸಿಟ್ಟು, ಒರಸಿ, ಬಿಸಿಯಾರುವ ಮೊದಲೇ ತೊಡಿಸಬೇಕು. ಈ ಮೃದುತ್ವ ಕೆಲವೇ ನಿಮಿಷ ಇರುತ್ತದೆ. ಕೂರಿಸಲು ಅಷ್ಟು ಸಾಕು. ವಾಹನದಲ್ಲೇ ಇರುವ ಬೂಟಿಗೆ ಕೂದಲು ಒಣಗಿಸುವ ಡ್ರೈಯರು ತಕ್ಕುದು. ಹೀಟ್ ಗನ್ ಬಳಸುವವರು ಒಂದೇ ಜಾಗದಲ್ಲಿ ಹಿಡಿಯದೆ ಸುತ್ತಲೂ ಆಡಿಸುತ್ತಿರಬೇಕು.

ಹಳೆಯ ವಾಹನಪ್ರಿಯರಲ್ಲಿ ಪ್ರಚಾರದಲ್ಲಿರುವ ಇನ್ನೊಂದು ವಿಧಾನವೆಂದರೆ ವಿಂಟರ್‌ಗ್ರೀನ್ ಎಣ್ಣೆಯದು. ನಮ್ಮಲ್ಲಿ ಇದು ಗಂಧಪೂರ ತೈಲವೆಂಬ ಹೆಸರಿನಲ್ಲಿ ನೋವಿನ ಔಷಧಿಯಾಗಿ ಪರಿಚಿತ. ನೋವಿನ ಮುಲಾಮುಗಳ ಘಾಟು ವಾಸನೆ ಇದರಲ್ಲಿರುವ ಮಿಥೈಲ್ ಸ್ಯಾಲಿಸಿಲೇಟಿನದು. ಒಂದು ಭಾಗ ಎಣ್ಣೆಗೆ ಮೂರು ಭಾಗ ಕ್ಸೈಲೀನ್ ಬೆರೆಸಿ, ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಬೂಟುಗಳನ್ನು ನೆನೆಹಾಕುತ್ತಾರೆ. ಕ್ಸೈಲೀನ್ ರಬ್ಬರನ್ನು ಉಬ್ಬಿಸಿ ಎಣ್ಣೆಗೆ ದಾರಿ ಮಾಡಿಕೊಡುತ್ತದೆ. ಬಳಿಕ ತಾನು ಆವಿಯಾಗುತ್ತದೆ, ಎಣ್ಣೆ ಒಳಗುಳಿಯುತ್ತದೆ. ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ನೆನೆಯಬೇಕಾಗಬಹುದು. ನಡುನಡುವೆ ತೆಗೆದು ಒತ್ತಿ ನೋಡುತ್ತಿರಬೇಕು. ಉಬ್ಬಿದ ಬೂಟು ಮತ್ತೆ ತನ್ನ ಅಳತೆಗೆ ಇಳಿಯುವವರೆಗೆ ಅದನ್ನು ತೊಡಿಸಬಾರದು. ಲೋಹದ ತಟ್ಟೆಗೆ ರಬ್ಬರನ್ನು ಬೆಸೆದಿರುವ ಬೂಟುಗಳಲ್ಲಿ ಆ ಬೆಸುಗೆಯೇ ಸಡಿಲಬಹುದಾದ್ದರಿಂದ ಅವಕ್ಕೆ ಬಿಸಿನೀರೇ ಲೇಸು. ಕ್ಸೈಲೀನ್ ಬೇಗ ಹೊತ್ತಿಕೊಳ್ಳುವ, ಉಸಿರಿಗೆ ಕೆಟ್ಟದ್ದಾದ ದ್ರವ. ಗಂಧಪೂರ ತೈಲ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ ಪ್ರಾಣಾಪಾಯ. ಈ ಕೆಲಸವನ್ನು ಮನೆಯೊಳಗೆ ಮಾಡಬಾರದು, ಜಾಡಿಯನ್ನು ಕೈಗೆಟುಕುವಂತೆ ಇಡಬಾರದು.

ಹೀಗೆ ಮೃದುವಾದ ಬೂಟು ಹೊಸದಾಗುವುದಿಲ್ಲ. ಮುರಿದ ಅಣುಸರಪಳಿಗಳು ಮತ್ತೆ ಕೂಡುವುದಿಲ್ಲ. ಕೆಲವು ವರ್ಷ ಕೆಲಸ ಮಾಡಿದರೆ ಲಾಭವೆಂದೇ ಎಣಿಸಬೇಕು.

ಮರುಜೋಡಣೆ

ಮೊದಲು ಲೋಹದ ಮೂತಿಗಳಿಗೆ ಅಂಟಿದ ಹಳೆಯ ರಬ್ಬರಿನ ಪುಡಿ, ಬಿಳಿಯ ಬೂಷ್ಟಿನಂಥ ಅಲ್ಯೂಮಿನಿಯಂ ಆಕ್ಸೈಡ್ ಇವನ್ನು ಪಾತ್ರೆ ಉಜ್ಜುವ ನಾರಿನಿಂದ ತೆಗೆದು ನಯಗೊಳಿಸಬೇಕು. ಹೆಡ್ಡಿನ ರಂಧ್ರಗಳಿಗೆ ಆ ಮೊದಲೇ ಬಟ್ಟೆ ತುರುಕಿರಬೇಕು, ಕೆಲಸ ಮುಗಿದಾಗ ಅದನ್ನು ಮರೆಯದೆ ತೆಗೆಯಬೇಕು. ಎಂಜಿನ್ ಕಡೆಯ ಬೂಟುಗಳನ್ನು ಹೆಡ್ಡಿಗೆ ತೊಡಿಸಿ, ಕ್ಲ್ಯಾಂಪುಗಳನ್ನು ಸಡಿಲವಾಗಿಯೇ ಮೇಲಿರಿಸಿ, ಅವುಗಳ ಸ್ಕ್ರೂ ತಲೆಗಳು ಮುಂದೆ ಸ್ಕ್ರೂಡ್ರೈವರಿಗೆ ಎಟಕುವ ದಿಕ್ಕಿನಲ್ಲಿರುವಂತೆ ತಿರುಗಿಸಿಡಬೇಕು. ಕಾರ್ಬ್ಯುರೇಟರು ಕೂತ ಮೇಲೆ ಕ್ಲ್ಯಾಂಪನ್ನು ತಿರುಗಿಸಲು ಬೆರಳು ತೂರದು. ಬೂಟಿನ ಅಂಚಿನಲ್ಲಿ ಸಣ್ಣ ಹಲ್ಲು ಇಲ್ಲವೆ ಗಾಡಿ ಇದ್ದರೆ ಅದು ಕಾರ್ಬ್ಯುರೇಟರಿನ ಗುರುತಿಗೆ ಸರಿಯಾಗಿ ಹೊಂದಬೇಕು.

ಜಾರಿಕೆಗೆ ಸೋಪಿನ ನೀರನ್ನು ಬಳಸುವುದು ಎಲ್ಲ ಬಗೆಯ ರಬ್ಬರಿಗೂ ಕ್ಷೇಮ. ಎಂಜಿನ್ ಆಯಿಲ್, ಗ್ರೀಸು ಮುಂತಾದ ಖನಿಜ ತೈಲಗಳನ್ನು ನೈಟ್ರೈಲ್ ರಬ್ಬರು ತಾಳಿಕೊಳ್ಳುತ್ತದೆ; ಆದರೆ ಸಹಜ ರಬ್ಬರು ಮತ್ತು ಇಪಿಡಿಎಂ ಉಬ್ಬಿ ಕೆಡುತ್ತವೆ. ಹಳೆಯ ಬೂಟು ಯಾವ ರಬ್ಬರಿನದೆಂದು ನೋಟಕ್ಕೆ ತಿಳಿಯದು. ಆದ್ದರಿಂದ ಎಣ್ಣೆಯನ್ನು ಬಿಡುವುದೇ ಜಾಣತನ. ಸಿಲಿಕೋನ್ ಸ್ಪ್ರೇ ಸುಲಭವಾಗಿ ಕೂರಿಸುತ್ತದೆ, ಆದರೆ ಒಣಗುವುದಿಲ್ಲ. ಹೆಚ್ಚಾದರೆ ಕೂತ ಬೂಟು ಅಷ್ಟೇ ಸುಲಭವಾಗಿ ಜಾರಿಬರುತ್ತದೆ.

ನಾಲ್ಕು ಕಾರ್ಬ್ಯುರೇಟರುಗಳನ್ನೂ ಬೂಟಿನ ಬಾಯಿಗೆ ಸಾಲಾಗಿ ತಾಗಿಸಿ, ಕೆಳತುಟಿಗಳನ್ನು ಮೊದಲು ಒಳಸೇರಿಸಿ, ಬಳಿಕ ಮೇಲಿನಿಂದ ಒತ್ತುತ್ತ ಬಂದರೆ ಒಂದೊಂದಾಗಿ ಗುಳುಕ್ಕೆಂದು ಕೂರುತ್ತವೆ. ಒತ್ತಡ ನಾಲ್ಕರ ಮೇಲೂ ಸಮವಾಗಿ ಬೀಳುವಂತೆ ಹಿಂಬದಿಗೆ ಒಂದು ಮರದ ಪಟ್ಟಿಯನ್ನು ಅಡ್ಡ ಇಟ್ಟು ತಳ್ಳುವುದುಂಟು. ಸುತ್ತಿಗೆಯನ್ನು ಮಾತ್ರ ಹತ್ತಿರ ತರಬಾರದು. ಕೂರದಿದ್ದರೆ ಬಲ ಸಾಲದೆಂದಲ್ಲ, ರಬ್ಬರು ತಣ್ಣಗಾಗಿದೆ ಎಂದು ತಿಳಿದು ಮತ್ತೆ ಬಿಸಿ ಮಾಡಬೇಕು. ಕೊನೆಗೆ ಏರ್ ಬಾಕ್ಸನ್ನು ಮುಂದಕ್ಕೆ ತಂದು ಹಿಂಬದಿಯ ಬೂಟುಗಳನ್ನು ತೊಡಿಸಬೇಕು. ಇವುಗಳ ತುಟಿ ಒಳಕ್ಕೆ ಮಡಿಚಿಕೊಳ್ಳುವುದು ಸಾಮಾನ್ಯ. ಕೈಗನ್ನಡಿ ಹಿಡಿದು ಸುತ್ತಲೂ ನೋಡಬೇಕು.

ಕ್ಲ್ಯಾಂಪುಗಳನ್ನು ಬೂಟು ತಿರುಗದಷ್ಟು ಬಿಗಿದರೆ ಸಾಕು. ಅತಿಯಾಗಿ ಬಿಗಿದರೆ ರಬ್ಬರು ಕತ್ತರಿಸಿಹೋಗುತ್ತದೆ. ಕ್ಲ್ಯಾಂಪಿನ ಎರಡು ತುದಿಗಳು ಒಂದನ್ನೊಂದು ಮುಟ್ಟಿಯೂ ಬೂಟು ಸಡಿಲವಾಗಿದ್ದರೆ ದೋಷ ಕ್ಲ್ಯಾಂಪಿನದಲ್ಲ, ಕುಗ್ಗಿದ ರಬ್ಬರಿನದು.

ಹಿಂಬದಿಯ ಬೂಟುಗಳ ಕಾಟ ತಾಳಲಾರದೆ ಏರ್ ಬಾಕ್ಸನ್ನೇ ತೆಗೆದು ಪ್ರತಿ ಕಾರ್ಬ್ಯುರೇಟರಿಗೂ ಚಿಕ್ಕ ಫಿಲ್ಟರು ಸಿಕ್ಕಿಸುವವರಿದ್ದಾರೆ. ಇದರಿಂದ ಮಿಶ್ರಣದ ಲೆಕ್ಕ ಬದಲಾಗಿ ಜೆಟ್ಟುಗಳನ್ನೂ ಬದಲಿಸಬೇಕಾಗುತ್ತದೆ; ಕಾರ್ಬ್ಯುರೇಟರುಗಳ ಪೂರ್ತಿ ಭಾರ ಮುಂದಿನ ಬೂಟುಗಳ ಮೇಲೆಯೇ ಬಿದ್ದು ಅವು ಬೇಗ ಬಿರಿಯುತ್ತವೆ. ಒಂದು ತೊಂದರೆಗೆ ಹೆದರಿ ಎರಡನ್ನು ತಂದುಕೊಂಡಂತೆ.

ಸೋರಿಕೆಯ ಪರೀಕ್ಷೆ

ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು, ಸೋಪಿನ ನೀರನ್ನು ಪ್ರತಿ ಬೂಟಿನ ಎರಡೂ ತುದಿಗೆ ತುಸುವೇ ಸಿಂಪಡಿಸಬೇಕು. ಸೋರಿಕೆಯಿದ್ದಲ್ಲಿ ನೀರು ಒಳಕ್ಕೆ ಎಳೆದುಕೊಂಡು ಎಂಜಿನ್ನಿನ ಸದ್ದು ಬದಲಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರನ್ನು ಸಿಂಪಡಿಸಿ ನೋಡುವ ವಾಡಿಕೆಯೂ ಇದೆ. ಅದು ಸ್ವತಃ ಇಂಧನದಂತೆ ಉರಿಯುವುದರಿಂದ ಸೋರಿಕೆಯಿದ್ದ ಕಡೆ ವೇಗ ಏರುತ್ತದೆ, ಪರೀಕ್ಷೆ ಸ್ಪಷ್ಟವಾಗಿರುತ್ತದೆ. ಆದರೆ ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ವಾಹನಕ್ಕೇ ಬೆಂಕಿ. ನೀರಿನಿಂದ ಆಗುವ ಕೆಲಸಕ್ಕೆ ಬೆಂಕಿಯೊಡನೆ ಸರಸವೇಕೆ? ಉರಿಸದ ಅಡುಗೆ ಅನಿಲವನ್ನು ಹಾಯಿಸಿ ನೋಡುವ ಸಾಹಸವಂತೂ ಕೂಡದು.

ಬೂಟುಗಳು ಭದ್ರವೆಂದು ಖಚಿತವಾದ ಮೇಲಷ್ಟೇ ಕಾರ್ಬ್ಯುರೇಟರುಗಳನ್ನು ನಿರ್ವಾತಮಾಪಕಗಳ ನೆರವಿನಿಂದ ಒಂದಕ್ಕೊಂದು ಸಮಗೊಳಿಸಬೇಕು. ಸೋರಿಕೆಯನ್ನು ಉಳಿಸಿಕೊಂಡು ಮಾಡಿದ ಸಮಗೊಳಿಕೆ ವ್ಯರ್ಥ. ಮಾಪಕ ಜೋಡಿಸುವ ತೂತುಗಳನ್ನು ಮುಚ್ಚುವ ಸಣ್ಣ ರಬ್ಬರ್ ಟೋಪಿಗಳೂ ಬೂಟಿನಷ್ಟೇ ಹಳೆಯವೆಂಬುದನ್ನು ಮರೆಯಬಾರದು. ದಿನವಿಡೀ ಬೂಟುಗಳಲ್ಲಿ ಹುಡುಕಿದ ಸೋರಿಕೆ ಕೊನೆಗೆ ಅಲ್ಲಿ ಸಿಕ್ಕುವುದುಂಟು.

ಹೊಸ ಬೂಟುಗಳು ಮತ್ತು ಶೇಖರಣೆ

ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಮಾನಕ ಜಾರಿಗೆ ಬಂದ ಮೇಲೆ ಹೊಸ ಮೋಟಾರ್‌ಸೈಕಲ್ಲುಗಳಲ್ಲಿ ಇಂಧನ ಸಿಂಪರಣೆಯ ವ್ಯವಸ್ಥೆ ಬಂದಿದೆ. ಅವುಗಳಲ್ಲೂ ಎಂಜಿನ್ನಿಗೂ ಥ್ರಾಟಲ್ ಬಾಡಿಗೂ ನಡುವೆ ರಬ್ಬರ್ ಬೂಟು ಇದೆ. ಹಳೆಯ ಅಳತೆಯವು ಮಾತ್ರ ಅಪರೂಪವಾಗುತ್ತಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹಳೆಯ ವಾಹನಗಳಿಗೆ ಹೊಂದುವ ಬೂಟನ್ನು ಕೊಳ್ಳುವಾಗ ಹಳೆಯ ತುಂಡನ್ನು ಕೈಯಲ್ಲೇ ಒಯ್ದು ಒಳವ್ಯಾಸ, ಬಾಗು, ತುಟಿಯ ದಪ್ಪ ಈ ಮೂರನ್ನೂ ಹೋಲಿಸಬೇಕು. ಒಳಮೈಯಲ್ಲಿ ಎರಕದ ಗೆರೆ ಎದ್ದುಕಾಣುವ ಬೂಟು ಅಲ್ಲಿಯೇ ಸೋರುತ್ತದೆ.

ಬಳಸದೆ ಇಟ್ಟ ಬೂಟೂ ಹಳತಾಗುತ್ತದೆ. ಕೊಂಡಿಟ್ಟ ಹೆಚ್ಚುವರಿ ಬೂಟುಗಳನ್ನು ಗಾಳಿಯಾಡದ ಚೀಲದಲ್ಲಿ ಹಾಕಿ, ಆಕಾರ ಕೆಡದಂತೆ ಮೇಲೆ ಭಾರ ಹೇರದೆ, ಬಿಸಿಲು ಬೀಳದ ಕಪಾಟಿನಲ್ಲಿಡಬೇಕು. ವಿದ್ಯುತ್ ಮೋಟಾರು, ವೆಲ್ಡಿಂಗ್ ಯಂತ್ರಗಳ ಕಿಡಿಯಿಂದ ಓಜೋನ್ ಹುಟ್ಟುವುದರಿಂದ ಅವುಗಳಿರುವ ಕೋಣೆ ಇದಕ್ಕೆ ತಕ್ಕ ಜಾಗವಲ್ಲ.